ಶರತ್ಕಾಲದ ಕೊನೆಗೆ ಯಾವ ಹಾದಿ?

ದೂರದ ಬೆಟ್ಟ ನುಣ್ಣಗೆ ಎಂಬ ಗಾದೆ, ಬೆಟ್ಟವನ್ನು ಹತ್ತಿ ಇಳಿದವರ ಬಾಯಿಯಿಂದಲೇ ಹುಟ್ಟಿರಬೇಕು. ಚಿತ್ರಪಟದಲ್ಲಿ ಕಾಣುವ ಹಿಮಶಿಖರಕ್ಕೆ ಚಳಿಯಿಲ್ಲ, ಗಾಳಿಯಿಲ್ಲ, ಸೂರ್ಯಾಸ್ತದ ಅವಸರವೂ ಇಲ್ಲ. ಆದ್ದರಿಂದಲೇ ಹಿಮಾಲಯದಲ್ಲಿ ಐದಾರು ದಿನ ಕಾಲ್ನಡಿಗೆಯಲ್ಲಿ ಸಂಚರಿಸಬೇಕೆಂದು ಹೊರಡುವ ಎಷ್ಟೋ ಮಂದಿ ಶಿಖರದ ಚೆಲುವಿಗೆ ಮರುಳಾಗಿ ಹಾದಿಯನ್ನು ಆರಿಸುತ್ತಾರೆ. ಋತುವಿನ ವಿಚಾರ ಅವರಿಗೆ ನೆನಪಾಗುವುದು ರೈಲಿನ ಟಿಕೆಟು ಕೈಗೆ ಬಂದ ಮೇಲೆ.

ಕಾರ್ತಿಕ ಮಾಸದ ಹೊತ್ತಿಗೆ ಹಿಮಾಲಯದ ಆಕಾಶ ತೊಳೆದಿಟ್ಟ ಕನ್ನಡಿಯಂತಿರುವುದು ನಿಜ. ಮುಂಗಾರು ಹಿಂದೆಗೆದು, ಧೂಳಡಗಿ, ನೂರು ಮೈಲಿ ದೂರದ ಶಿಖರವೂ ಕಣ್ಣಿಗೆ ಬೀಳುವ ಕಾಲವದು. ಆದರೆ ಆಕಾಶ ಕೊಡುವುದನ್ನು ಭೂಮಿ ಕಸಿದುಕೊಳ್ಳುತ್ತದೆ. ನವೆಂಬರ್ ನಡುವಿನಲ್ಲಿ ಬೆಂಗಳೂರಿನ ಸೂರ್ಯ ಮುಳುಗಲು ಸಂಜೆ ಆರು ಗಂಟೆ ಸಮೀಪಿಸಬೇಕು. ಡಾರ್ಜಿಲಿಂಗಿನ ಬೆಟ್ಟಗಳಲ್ಲಿ ನಾಲ್ಕೂ ಮುಕ್ಕಾಲಕ್ಕೇ ಕತ್ತಲೆ ಇಳಿಯತೊಡಗುತ್ತದೆ. ಒಂದು ಸಾವಿರ ಮೀಟರ್ ಮೇಲೇರಿದರೆ ಉಷ್ಣತೆ ಸುಮಾರು ಆರೂವರೆ ಡಿಗ್ರಿ ತಗ್ಗುತ್ತದೆ. ಮಳೆಗಾಲದ ಝರಿಗಳು ಬತ್ತುತ್ತವೆ, ಉಳಿದವು ರಾತ್ರಿ ಹೆಪ್ಪುಗಟ್ಟುತ್ತವೆ. ಬೆಳಕು, ಬಿಸುಪು, ನೀರು ಈ ಮೂರೂ ಒಟ್ಟಿಗೆ ಕಿರಿದಾಗುವ ಕಾಲದಲ್ಲಿ ಹಾದಿಯನ್ನು ಆರಿಸುವ ಮಾತು ಬೇಸಿಗೆಯ ವಿಹಾರದ ಮಾತಲ್ಲ.

ನಿರ್ಮಲವಾದ ಆಕಾಶವನ್ನು ಪೂರ್ತಿ ನಂಬುವಂತೆಯೂ ಇಲ್ಲ. 2014ರ ಅಕ್ಟೋಬರ್ 12ರಂದು ವಿಶಾಖಪಟ್ಟಣದ ಬಳಿ ದಡ ಸೇರಿದ ಹುದ್‌ಹುದ್ ಚಂಡಮಾರುತದ ಶೇಷ, ಎರಡೇ ದಿನದಲ್ಲಿ ನೇಪಾಳದ ಅನ್ನಪೂರ್ಣಾ ಪ್ರಾಂತದ ಮೇಲೆ ಹಿಮದ ಬಿರುಗಾಳಿಯಾಗಿ ಎರಗಿತು. ನಲವತ್ತಕ್ಕೂ ಹೆಚ್ಚು ಮಂದಿ ಅಸುನೀಗಿದರು. ಬಂಗಾಳ ಕೊಲ್ಲಿಯಲ್ಲಿ ಚಂಡಮಾರುತಗಳು ಏಳುವ ಕಾಲವೂ ಹಿಮಾಲಯಕ್ಕೆ ಜನ ಹೊರಡುವ ಕಾಲವೂ ಒಂದೇ ಎಂಬುದನ್ನು ಆ ದುರಂತ ಕಲಿಸಿತು. ಕನ್ನಡಿಗರಿಗೆ ಇನ್ನೂ ಹತ್ತಿರದ ನೋವು 2024ರ ಜೂನ್ ತಿಂಗಳಿನದು. ಉತ್ತರಾಖಂಡದ ಸಹಸ್ರತಾಲ್ ಹಾದಿಯಲ್ಲಿ ಹಿಮಗಾಳಿಗೆ ಸಿಕ್ಕಿದ ತಂಡವೊಂದರಲ್ಲಿ ಕರ್ನಾಟಕದಿಂದ ಹೋದ 9 ಮಂದಿ ಮರಳಿ ಬರಲಿಲ್ಲ. ಬೇಸಿಗೆಯ ತಿಂಗಳಲ್ಲಿಯೇ ಪರ್ವತ ಹೀಗೆ ಮುನಿಯುವುದಾದರೆ, ಚಳಿಗಾಲದ ಹೊಸ್ತಿಲಲ್ಲಿ ಎಷ್ಟು ಎಚ್ಚರ ಬೇಡ?

ಆದುದರಿಂದ ಹಾದಿಯ ಹೆಸರನ್ನು ಕೇಳುವ ಮುನ್ನ ಪಯಣಿಗನು ನಾಲ್ಕು ಪ್ರಶ್ನೆಗಳನ್ನು ಕೇಳಿಕೊಳ್ಳುವುದು ಲೇಸು. ಪ್ರತಿದಿನದ ನಡಿಗೆ ಮಧ್ಯಾಹ್ನ ಮೂರರೊಳಗೆ ಮುಗಿಯುವುದೇ? ರಾತ್ರಿಗೆ ಗೋಡೆ ಮಾಡುಗಳ ಆಶ್ರಯವುಂಟೇ? ಮಲಗುವ ಎತ್ತರ ದಿನದಿನಕ್ಕೆ ಮೆಲ್ಲನೆ ಏರುವುದೇ? ಯಾರಿಗಾದರೂ ಕಾಯಿಲೆಯಾದರೆ ಅಂದೇ ಕೆಳಗಿಳಿಸಲು ದಾರಿಯಿದೆಯೇ? ಮೂರು ಸಾವಿರ ಮೀಟರ್ ದಾಟಿದ ಮೇಲೆ ಮಲಗುವ ಎತ್ತರವನ್ನು ದಿನಕ್ಕೆ ಐನೂರು ಮೀಟರಿಗಿಂತ ಹೆಚ್ಚಿಸಬಾರದೆಂದು ವೈದ್ಯರು ಹೇಳುತ್ತಾರೆ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯ ಎತ್ತರವೇ 1,930 ಮೀಟರ್ ಎಂಬುದನ್ನು ನೆನೆದರೆ, ಈ ಮಾತು ನಮ್ಮ ಕಡೆಯವರಿಗೆ ಎಷ್ಟು ಮುಖ್ಯವೆಂಬುದು ತಿಳಿಯುತ್ತದೆ.

ಈ ಒರೆಗಲ್ಲಿಗೆ ಮೂರು ಪ್ರಸಿದ್ಧ ಹಾದಿಗಳನ್ನು ತಿಕ್ಕಿ ನೋಡಬಹುದು.

ಮೊದಲನೆಯದು ಗಢವಾಲದ ಕುವಾರಿ ಕಣಿವೆಮಾರ್ಗ. ಲಾರ್ಡ್ ಕರ್ಜನ್ನನ ಹೆಸರು ಅಂಟಿಕೊಂಡಿರುವ ಈ ದಾರಿಯಲ್ಲಿ 1934ರಲ್ಲಿ ಎರಿಕ್ ಶಿಪ್ಟನ್ ಮತ್ತು ಟಿಲ್ಮನ್ ನಂದಾದೇವಿಯತ್ತ ಸಾಗಿದ್ದರು. 7,816 ಮೀಟರ್ ಎತ್ತರದ ನಂದಾದೇವಿಯೂ ದ್ರೋಣಗಿರಿಯೂ ಇಲ್ಲಿ ಎದುರಿಗೇ ನಿಲ್ಲುತ್ತವೆ. ಆದರೆ ಇಲ್ಲಿ ಡೇರೆಯೇ ಮನೆ. ಅದನ್ನು ಹೊತ್ತೊಯ್ಯಬೇಕು, ಇಲ್ಲವೇ ಹೊರಿಸಿಕೊಂಡು ಹೋಗಬೇಕು. ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ಉತ್ತರಾಖಂಡದ ಉಚ್ಚ ನ್ಯಾಯಾಲಯ 2018ರ ಆಗಸ್ಟಿನಲ್ಲಿ ನಿಷೇಧಿಸಿದುದರಿಂದ ಬೀಡು ಬಿಡುವ ಸ್ಥಳಗಳನ್ನು ಮೊದಲೇ ವಿಚಾರಿಸಿಕೊಳ್ಳಬೇಕು. ಹಾದಿಗೆ ಹೆಬ್ಬಾಗಿಲಾದ ಜೋಶಿಮಠದ ನೆಲವೇ ಕುಸಿದು, 2023ರ ಜನವರಿಯಲ್ಲಿ ನೂರಾರು ಮನೆಗಳು ಬಿರುಕು ಬಿಟ್ಟುದನ್ನೂ ಮರೆಯಲಾಗದು. ಅನುಭವಿಗಳಿಗೆ ಇದು ತಕ್ಕ ಹಾದಿ. ಹೊಸಬರಿಗೆ ನವೆಂಬರ್ ತಿಂಗಳಲ್ಲಿ ಅಲ್ಲ.

ಎರಡನೆಯದು ತೋನ್ಸ್ ನದಿಯ ಸೀಮೆಯ ಹರ್ ಕಿ ದೂನ್. ಪಾಂಡವರು ಮಹಾಪ್ರಸ್ಥಾನದಲ್ಲಿ ಸ್ವರ್ಗವನ್ನೇರಿದುದು ಇಲ್ಲಿಯ ಸ್ವರ್ಗಾರೋಹಿಣಿಯ ದಾರಿಯಲ್ಲೆಂದು ಜನ ನಂಬುತ್ತಾರೆ. ನದಿಯ ಬದಿಯಲ್ಲೇ ಹಾದಿಯಿರುವುದರಿಂದ ನೀರಿಗೆ ಬರವಿಲ್ಲ. ಮರದ ಕೆತ್ತನೆಯ ಮನೆಗಳುಳ್ಳ ಹಳ್ಳಿಗಳು ನಡುವೆ ಸಿಗುತ್ತವೆ. ಆದರೆ ಆಳವಾದ ಕಣಿವೆಗೆ ಬಿಸಿಲು ತಡವಾಗಿ ಬರುತ್ತದೆ, ಬೇಗ ಹೋಗುತ್ತದೆ. ಹೋದ ದಾರಿಯಲ್ಲೇ ಹಿಂದಿರುಗಬೇಕಾದ್ದರಿಂದ ಮೇಲಿನ ಬೀಡಿನಲ್ಲಿ ಕಾಲು ಉಳುಕಿದವನನ್ನು ಅಷ್ಟು ದೂರವೂ ಹೊತ್ತೇ ತರಬೇಕು.

ಮೂರನೆಯದು ಪಶ್ಚಿಮ ಬಂಗಾಳ ಮತ್ತು ನೇಪಾಳಗಳ ಗಡಿಯ ಮೇಲೆ ಹರಿದಾಡುವ ಸಿಂಗಲೀಲಾ ಏಣು. ಸಸ್ಯಶಾಸ್ತ್ರಜ್ಞ ಜೋಸೆಫ್ ಹೂಕರ್ 1848ರಲ್ಲಿಯೇ ಇದರ ಟೊಂಗ್ಲು ಶಿಖರವನ್ನೇರಿದ್ದನು. ಮಾನೇಭಂಜನ್ ಎಂಬ ಪೇಟೆಯಿಂದ ಹೊರಟರೆ ಮೊದಲ ರಾತ್ರಿ ತುಮ್ಲಿಂಗ್, ಎರಡನೆಯ ರಾತ್ರಿ ಕಾಲಿಪೋಖ್ರಿ, ಮೂರನೆಯ ರಾತ್ರಿ 3,636 ಮೀಟರ್ ಎತ್ತರದ ಸಂದಕ್‌ಫೂ. ಮಾನೇಭಂಜನಿನಿಂದ ಅಲ್ಲಿಗೆ ಸುಮಾರು 31 ಕಿಲೋಮೀಟರ್. ಎತ್ತರ ಮೆಟ್ಟಿಲು ಮೆಟ್ಟಿಲಾಗಿ ಏರುವುದರಿಂದ ದೇಹಕ್ಕೆ ಹೊಂದಿಕೊಳ್ಳಲು ಕಾಲಾವಕಾಶ ದೊರೆಯುತ್ತದೆ. ಎಲ್ಲ ತಂಗುದಾಣಗಳಲ್ಲಿಯೂ ಮಾಡಿನ ಕೆಳಗೆ ಮಲಗುವ ವ್ಯವಸ್ಥೆಯಿದ್ದು ಬಿಸಿ ಅನ್ನ ಸಿಗುತ್ತದೆ. ಡೇರೆ, ಒಲೆ, ಪಾತ್ರೆಗಳ ಹೊರೆ ತಪ್ಪುತ್ತದೆ. ಬೆಳಗಿನಲ್ಲಿ ಕಾಂಚನಜುಂಗಾ ಪರ್ವತಸಮೂಹ ಮಲಗಿದ ಬುದ್ಧನಂತೆ ತೋರುತ್ತದೆ. ಪಶ್ಚಿಮಕ್ಕೆ ತಿರುಗಿದರೆ ಮಕಾಲು, ಲ್ಹೋತ್ಸೆ, ಎವರೆಸ್ಟ್. ಜಗತ್ತಿನ ಐದು ಅತ್ಯುನ್ನತ ಶಿಖರಗಳಲ್ಲಿ ನಾಲ್ಕನ್ನು ನಿಂತಲ್ಲಿಂದಲೇ ಕಾಣುವ ಭಾಗ್ಯವಿದು.

ಈ ಹಾದಿಯ ಮೇಲೆ ರಸಿಕರ ದೂರೊಂದಿದೆ. ಸಂದಕ್‌ಫೂವಿನವರೆಗೆ ವಾಹನದ ರಸ್ತೆಯಿದ್ದು, ಹಳೆಯ ಲ್ಯಾಂಡ್‌ರೋವರ್ ಗಾಡಿಗಳು ಗುಡುಗುತ್ತ ಹತ್ತಿ ಇಳಿಯುತ್ತವೆ. ಏಕಾಂತಕ್ಕೆ ಭಂಗ ಬರುತ್ತದೆ. ದೂರು ಸುಳ್ಳಲ್ಲ. ಆದರೆ ಚಳಿಗಾಲದ ಬಾಗಿಲಲ್ಲಿ ಆ ದೋಷವೇ ಗುಣವಾಗುತ್ತದೆ. ಉಸಿರು ಕಟ್ಟಿದವನನ್ನು ಕೆಲವೇ ಗಂಟೆಗಳಲ್ಲಿ ಕೆಳಗಿಳಿಸಬಲ್ಲ ರಸ್ತೆ ಯಾವ ಏಕಾಂತಕ್ಕಿಂತಲೂ ದೊಡ್ಡದು. ಆ ಗಾಡಿಯಲ್ಲೇ ಒಂದೇ ದಿನಕ್ಕೆ ಮೇಲೇರುವುದು ಮಾತ್ರ ಅವಿವೇಕ. ನಡೆದು ಬಂದವನಿಗೆ ಸಿಗುವ ಮೂರು ದಿನಗಳ ರೂಢಿ ಅದರಲ್ಲಿ ಸಿಗುವುದಿಲ್ಲ.

ನಿಜವಾದ ನಿರ್ಧಾರ ಬರುವುದು ಸಂದಕ್‌ಫೂವಿನಲ್ಲಿ. ಅಲ್ಲಿಂದ ಫಾಲುಟ್‌ಗೆ ಸುಮಾರು 21 ಕಿಲೋಮೀಟರ್. ಬಯಲಾದ ಏಣು, ತಡೆಯಿಲ್ಲದ ಗಾಳಿ, ಅಪರೂಪವಾದ ನೀರು. ಇದೇ ಅತ್ಯಂತ ಸುಂದರವಾದ ದಿನ, ಇದೇ ಅತ್ಯಂತ ಉದ್ದವಾದ ದಿನವೂ ಹೌದು. ಬೆಳಗಿನ ಆಕಾಶ ತಿಳಿಯಾಗಿದ್ದು ಎಲ್ಲರೂ ಹೊಟ್ಟೆತುಂಬ ಉಂಡು ನಿದ್ರಿಸಿದ್ದರೆ ಮುಂದುವರಿದು, ಫಾಲುಟ್‌ನಿಂದ ಗೋರ್ಖೆ ಹಳ್ಳಿಗೆ ಇಳಿಯಬಹುದು. ಪಶ್ಚಿಮದಲ್ಲಿ ಮೋಡ ಕಟ್ಟಿದ್ದರೆ, ಒಬ್ಬನಿಗಾದರೂ ತಲೆನೋವು, ವಾಕರಿಕೆ ಬಿಡದಿದ್ದರೆ, ಗುರ್ದುಂ ಮಾರ್ಗವಾಗಿ ಕಾಡಿನೊಳಗೆ ಶ್ರೀಖೋಲಾಕ್ಕೆ ನೇರವಾಗಿ ಇಳಿದುಬಿಡಬೇಕು. ಹೀಗೆ ಹಾದಿಯ ನಟ್ಟನಡುವೆ ಎರಡು ಬಾಗಿಲು ತೆರೆದಿಟ್ಟಿರುವುದೇ ಸಿಂಗಲೀಲಾದ ದೊಡ್ಡ ಉಪಕಾರ.

ತಂಡದಲ್ಲಿ ಕಾಲೇಜಿನ ತರುಣನಿರಬಹುದು, ಐವತ್ತು ದಾಟಿದ ಅವನ ಸೋದರಮಾವನೂ ಇರಬಹುದು. ಹಾದಿಯನ್ನು ಅಳೆಯಬೇಕಾದುದು ಮಾವನ ಹೆಜ್ಜೆಯಿಂದ. "ಇಷ್ಟು ಖರ್ಚು ಮಾಡಿ ಬಂದು ಹಿಂದಿರುಗುವುದೇ?" ಎಂಬ ಮಾತು ಬೆಟ್ಟದ ಮೇಲೆ ಹುಟ್ಟಿದರೆ ಅದಕ್ಕೆ ಉತ್ತರ ಹೇಳುವುದು ಕಷ್ಟ, ಯಾರ ಮಾತಿಗೆ ಎಲ್ಲರೂ ಮರಳಬೇಕೆಂಬುದು ಮನೆಯ ಜಗುಲಿಯಲ್ಲೇ ನಿಶ್ಚಯವಾಗಿರಬೇಕು. ಉಣ್ಣೆಯ ಬಟ್ಟೆ, ಟಾರ್ಚು, ಗುರುತಿನ ಚೀಟಿಗಳ ಜೊತೆಗೆ ಹವಾಮಾನ ಇಲಾಖೆಯ ವರದಿಯೂ ಹೊರಡುವ ದಿನ ಕೈಯಲ್ಲಿರಬೇಕು. ಬೆನ್ನಿನ ಹೊರೆ ಮೈತೂಕದ ಐದನೆಯ ಒಂದು ಪಾಲನ್ನು ಮೀರದಿರುವುದು ಒಳ್ಳೆಯದು.

ಇನ್ನೊಂದು ಸಣ್ಣ ಮಾತು. ಐದು ದಿನದ ನಡಿಗೆಗೆ ಏಳು ದಿನದ ಬಿಡುವು ಬೇಕು. ಹಿಂದಿರುಗುವ ರೈಲು ಮರುದಿನವೇ ಇದ್ದರೆ, ಬಿರುಗಾಳಿ ಎದ್ದಾಗಲೂ ಕಾಲು ಮುಂದಕ್ಕೇ ಎಳೆಯುತ್ತದೆ. ಎರಡು ದಿನ ತಡವಾದ ರೈಲಿಗೆ ಟಿಕೆಟು ಕೊಂಡವನು ಮೋಡ ಕರಗುವವರೆಗೆ ಒಲೆಯ ಮುಂದೆ ಚಹಾ ಕುಡಿಯುತ್ತ ನೆಮ್ಮದಿಯಾಗಿ ಕುಳಿತಿರಬಲ್ಲನು.