ತಗ್ಗುವಿಕೆಯ ತಾರತಮ್ಯ

ಪೀಟರ್ ಮಾರ್ಕ್ ರೋಜೆ ಎಂಬ ಆಂಗ್ಲ ವೈದ್ಯನು 1852ರಲ್ಲಿ ಪ್ರಕಟಿಸಿದ ‘ಥೆಸಾರಸ್’ ಪದಗಳನ್ನು ಅಕಾರಾದಿಯಲ್ಲಿ ಜೋಡಿಸದೆ ಅರ್ಥಾನುಸಾರವಾಗಿ ಗುಂಪುಗೂಡಿಸಿದ ಗ್ರಂಥ. ನ್ಯೂನವಾಗುವಿಕೆಯನ್ನು ಹೇಳುವ ಕ್ರಿಯಾಪದಗಳೆಲ್ಲ ಅದರಲ್ಲಿ ಒಂದೆಡೆ ಕಲೆತು ನಿಂತಿರುವುದನ್ನು ಕಂಡ ಪರಭಾಷೆಯ ಓದುಗನಿಗೆ, ಇವುಗಳಲ್ಲಿ ಯಾವುದನ್ನೆತ್ತಿಕೊಂಡರೂ ಕಾರ್ಯ ನೆರವೇರೀತೆಂಬ ಭ್ರಾಂತಿ ಸಹಜವಾಗಿ ಹುಟ್ಟುತ್ತದೆ. ಸೂಕ್ಷ್ಮಭೇದಗಳನ್ನು ವಿವರಿಸುವ ಶ್ರಮವನ್ನು ಅದಕ್ಕೂ ಮುಂಚೆ, 1816ರಲ್ಲಿ, ಜಾರ್ಜ್ ಕ್ರ್ಯಾಬ್ ತನ್ನ ಸಮಾನಾರ್ಥಕ ಪದಗಳ ಕೋಶದಲ್ಲಿ ವಹಿಸಿಕೊಂಡಿದ್ದನು. ಎಷ್ಟು ಕಡಮೆಯಾಯಿತೆಂಬುದರಲ್ಲಿ ಈ ಭೇದವಿಲ್ಲ. ಕಡಮೆಯಾದುದು ಯಾವುದು, ಕಡಮೆ ಮಾಡಿದವನೊಬ್ಬನುಂಟೆ, ಇಲ್ಲವೆ ಅದು ತಾನಾಗಿ ತಗ್ಗಿತೆ ಎಂಬುದರಲ್ಲಿ ಇದೆ.

‘ಡಿಕ್ರೀಸ್’ ಲೆಕ್ಕಿಗನ ಪದ. ಅಂಕಿಗಳಲ್ಲಿ ಅಳೆಯಬಹುದಾದ ಉಷ್ಣತೆ, ಆದಾಯ, ಜನಸಂಖ್ಯೆಗಳಿಗೆ ಅದು ಹೊಂದುತ್ತದೆ. ‘ಲೆಸನ್’ ಎಂಬುದು ಅಪಾಯ, ಸಂಕಟ, ಪ್ರಭಾವಗಳಂಥ ಅಳತೆಗೆ ಸಿಕ್ಕದವುಗಳ ಕಡೆಗೆ ಹೆಚ್ಚು ಒಲಿಯುತ್ತದೆ. ‘ಡಿಮಿನಿಶ್’ನ ಗರ್ಭದಲ್ಲಿರುವುದು ಕಿರಿದು ಮಾಡುವುದೆಂಬ ಲ್ಯಾಟಿನ್ ಧಾತು, ಪೂರ್ಣವಾಗಿದ್ದುದರಿಂದ ಒಂದಂಶವನ್ನು ಕಳೆದುಕೊಂಡು ಕುಗ್ಗಿದ ಕೀರ್ತಿಗೂ ಅಧಿಕಾರಕ್ಕೂ ಅದು ಸಲ್ಲುತ್ತದೆ. 1815ರಲ್ಲಿ ಮಾಲ್ಥಸ್, ರಿಕಾರ್ಡೊ ಮೊದಲಾದವರು ವಿವೇಚಿಸಿದ ‘ಡಿಮಿನಿಷಿಂಗ್ ರಿಟರ್ನ್ಸ್’ ನಿಯಮದಲ್ಲಿ ಈ ಪದವನ್ನು ಎಚ್ಚರದಿಂದ ಓದಬೇಕು: ಒಂದೇ ಹೊಲಕ್ಕೆ ದುಡಿಮೆಯನ್ನು ಹೆಚ್ಚಿಸುತ್ತ ಹೋದಾಗ ಕುಗ್ಗುವುದು ಒಟ್ಟು ಫಸಲಲ್ಲ, ಪ್ರತಿಯೊಂದು ಹೆಚ್ಚುವರಿ ದುಡಿಮೆಗೆ ದೊರೆಯುವ ಹೆಚ್ಚುವರಿ ಫಲ, ಒಟ್ಟು ಫಸಲು ಇನ್ನೂ ಏರುತ್ತಲೇ ಇರಬಹುದು.

‘ರೆಡ್ಯೂಸ್’ ಎಂಬುದರ ಚರಿತ್ರೆ ಇವೆಲ್ಲಕ್ಕಿಂತ ಸ್ವಾರಸ್ಯಕರವಾದುದು. ಹಿಂದಕ್ಕೆ ಕರೆದೊಯ್ಯುವುದೆಂಬುದೇ ಅದರ ಮೂಲಾರ್ಥವಾದುದರಿಂದ, ಸ್ಥಾನಪಲ್ಲಟವಾದ ಮೂಳೆಯನ್ನು ಸ್ವಸ್ಥಾನಕ್ಕೆ ಕೂಡಿಸುವ ಶಸ್ತ್ರವೈದ್ಯನು ಇಂದಿಗೂ ತನ್ನ ಕ್ರಿಯೆಗೆ ‘ರಿಡಕ್ಷನ್’ ಎನ್ನುತ್ತಾನೆ. ಅಲ್ಲಿ ಯಾವುದೂ ಕಡಮೆಯಾಗುವುದಿಲ್ಲ. ಅದಿರಿನಿಂದ ಲೋಹವನ್ನು ಬಿಡಿಸುವ ಕ್ರಿಯೆಗೂ ಅದೇ ಹೆಸರು. ಭದ್ರಾವತಿಯ ಕಾರ್ಖಾನೆಯ ಊದುಕುಲುಮೆಯಲ್ಲಿ ಹಿಂದೆ ಇದ್ದಿಲನ್ನುರಿಸಿ ಅದಿರಿನೊಳಗಿನ ಆಮ್ಲಜನಕವನ್ನು ಕಿತ್ತು, ಕಬ್ಬಿಣವನ್ನು ಮರಳಿ ಲೋಹಸ್ಥಿತಿಗೆ ತರುತ್ತಿದ್ದುದು ಈ ಕ್ರಿಯೆಯಿಂದಲೇ. ನಮ್ಮ ಪಠ್ಯಪುಸ್ತಕಗಳು ಅದನ್ನು ಅಪಕರ್ಷಣವೆನ್ನುತ್ತವೆ. ಮುಂದೆ ರಸಾಯನಶಾಸ್ತ್ರಜ್ಞರು ಈ ಪದದ ವ್ಯಾಪ್ತಿಯನ್ನು ಹಿಗ್ಗಿಸಿ, ಎಲೆಕ್ಟ್ರಾನನ್ನು ಗಳಿಸಿಕೊಂಡ ಪರಮಾಣುವನ್ನೂ ‘ರೆಡ್ಯೂಸ್’ ಆಯಿತೆಂದರು. ಗಳಿಕೆಗೆ ಇಳಿಕೆಯ ಹೆಸರು ಹೇಗೆ ಬಂತೆಂದು ತಲೆ ತುರಿಸಿಕೊಳ್ಳುವ ವಿದ್ಯಾರ್ಥಿಗೆ ಈ ಹಿನ್ನೆಲೆಯನ್ನು ತಿಳಿಸುವ ಉಪಾಧ್ಯಾಯರು ವಿರಳ. ಸಾಮಾನ್ಯ ವ್ಯವಹಾರದಲ್ಲಿಯಂತೂ ಈ ಪದಕ್ಕೆ ಕರ್ತೃವೊಬ್ಬನು ಪ್ರಾಯಶಃ ಬೇಕೇಬೇಕು: ವೆಚ್ಚ ತಾನಾಗಿ ಇಳಿದರೆ ‘ಡಿಕ್ರೀಸ್’, ಯಜಮಾನನು ಇಳಿಸಿದರೆ ‘ರೆಡ್ಯೂಸ್’.

‘ಅಬೇಟ್’ ಉಗ್ರತೆಗೆ ಮೀಸಲಾದುದು. ಹೊಡೆದುರುಳಿಸುವುದೆಂಬರ್ಥದ ಪ್ರಾಚೀನ ಫ್ರೆಂಚ್ ಧಾತುವಿನಿಂದ ಬಂದ ಈ ಪದದ ದಾಯಾದಿಯೇ ಕಸಾಯಿಖಾನೆಗೆ ಫ್ರೆಂಚರಿಟ್ಟ ಹೆಸರು. ಬಿರುಗಾಳಿ, ಕ್ರೋಧ, ವ್ಯಾಧಿಯ ಪ್ರಕೋಪ ಇವು ‘ಅಬೇಟ್’ ಆಗುತ್ತವೆ. ಶಾಲೆಯ ಮಕ್ಕಳ ಸಂಖ್ಯೆ ಎಂದಿಗೂ ಆಗದು. ನ್ಯಾಯಾಲಯದಲ್ಲಿ ಮಾತ್ರ ಆ ಹಳೆಯ ಪ್ರಹಾರದ ಅರ್ಥ ಕುಂದದೆ ಉಳಿದಿದೆ. 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ 22ನೆಯ ಆದೇಶದಂತೆ, ದಾವೆಯ ಪಕ್ಷಕಾರನೊಬ್ಬನು ತೀರಿಕೊಂಡು, ವಾರಸುದಾರರನ್ನು ದಾಖಲೆಗೆ ತರುವ ಅರ್ಜಿ 90 ದಿನಗಳೊಳಗೆ ಬಾರದಿದ್ದರೆ, ಅವನ ಮಟ್ಟಿಗೆ ದಾವೆ ‘ಅಬೇಟ್’ ಆಗುತ್ತದೆ. ಎಂದರೆ ತಗ್ಗುವುದಲ್ಲ, ಬಿದ್ದೇಹೋಗುವುದು. ಸಕಾರಣವನ್ನು ತೋರಿಸಿ ಅದನ್ನು ಮತ್ತೆ ಎಬ್ಬಿಸಲು ಅವಕಾಶವುಂಟೆಂಬುದು ಬೇರೆಯ ಮಾತು.

ಉಳಿದವುಗಳಲ್ಲಿ ‘ಸಬ್‌ಸೈಡ್’ ಕೆಳಗೆ ಕುಳಿತುಕೊಳ್ಳುವುದು: ನೆರೆ, ಬಾವು, ಕುಸಿಯುವ ನೆಲ. ‘ಎಬ್’ ಕಡಲ ಇಳಿತ, ‘ವೇನ್’ ಕೃಷ್ಣಪಕ್ಷದ ಚಂದ್ರ; ಎರಡರಲ್ಲಿಯೂ ಮರಳಿ ಏರುವ ಆಸೆಯುಂಟು. ಕೃಶವಾಗುವುದೆಂಬ ಹಳೆಯ ಆಂಗ್ಲ ಧಾತುವಿನಿಂದ ಹುಟ್ಟಿದ ‘ಡ್ವಿಂಡಲ್’ ಎಂಬುದಕ್ಕೆ ಆ ಆಸೆಯಿಲ್ಲ. ಅದು ಇಷ್ಟಿಷ್ಟೇ ಸವೆದು ಶೂನ್ಯದ ಕಡೆಗೆ ಸಾಗುತ್ತದೆ.

‘ಅಲೀವಿಯೇಟ್’, ‘ಮಿಟಿಗೇಟ್’ ಎಂಬಿವೆರಡರ ಕಥೆ ಬೇರೆ. ಇವು ವಸ್ತುವನ್ನು ಮುಟ್ಟದೆ ಅದರ ಬಾಧೆಯನ್ನು ಮಾತ್ರ ಮುಟ್ಟುತ್ತವೆ. ಮೊದಲನೆಯದು ಹೊರೆಯನ್ನು ಹಗುರ ಮಾಡುವುದು: ನೋವು ಇಳಿದರೂ ರೋಗ ಇದ್ದಲ್ಲಿಯೇ ಇರಬಹುದು. ಎರಡನೆಯದು ಮೃದು ಮಾಡುವುದು; ಸುಶಿಕ್ಷಿತ ಆಂಗ್ಲರೇ ಇದನ್ನು, ಪ್ರತಿಕೂಲವಾಗಿ ಪರಿಣಮಿಸುವುದೆಂಬರ್ಥದ ‘ಮಿಲಿಟೇಟ್’ನೊಡನೆ ಕಲಸುಮೇಲೋಗರ ಮಾಡಿಕೊಳ್ಳುವುದುಂಟು. ಮರಣದಂಡನೆಯ ಸಿಂಧುತ್ವವನ್ನು ಪರಿಶೀಲಿಸಿದ 1980ರ ಬಚನ್ ಸಿಂಗ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪರಾಧಿಯ ವಯಸ್ಸು, ತೀವ್ರವಾದ ಮನಃಕ್ಷೋಭೆ ಮೊದಲಾದವನ್ನು ‘ಮಿಟಿಗೇಟಿಂಗ್’ ಸನ್ನಿವೇಶಗಳೆಂದು ಪರಿಗಣಿಸತಕ್ಕದ್ದೆಂದಿತು. ಕೊಲೆ ಕೊಲೆಯಾಗಿಯೇ ಉಳಿದು, ನೇಣಿನ ಎಡೆಯಲ್ಲಿ ಜೀವಾವಧಿ ಶಿಕ್ಷೆ ಬರಬಹುದಾದ ಆ ಪ್ರಸಂಗದಲ್ಲಿ ‘ರೆಡ್ಯೂಸ್’ ಎಂಬುದು ಶಿಕ್ಷೆಗೆ ಸಂದೀತು, ಸನ್ನಿವೇಶಕ್ಕೆ ಸಲ್ಲದು.