ಗೋಧಿ ಮುಗಿದ ಮೇಲೆ ಹೊಟ್ಟೆಗೇನು?

ಬಡವರಿಗೆ ಸಹಾಯ ಎಂದೊಡನೆ ನಮ್ಮ ಕಣ್ಣ ಮುಂದೆ ಬರುವುದು ಅಕ್ಕಿಯ ಮೂಟೆ, ಹಳೆಯ ಬಟ್ಟೆ, ಒಂದಿಷ್ಟು ಹಣ. ಹಸಿದವರಿಗೆ ಇವು ಬೇಕೇ ಬೇಕು. ಆದರೆ ಮೂಟೆ ಖಾಲಿಯಾದ ಮೇಲೆ ಆ ಮನೆಯ ಒಲೆ ಉರಿಯುವುದು ಹೇಗೆ? ಬಾಂಗ್ಲಾದೇಶದ ಹಳ್ಳಿಗಳಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಿದ ಬಗೆಯನ್ನು ಎಲ್ಲರೂ ತಿಳಿಯಬೇಕು.

ಅಲ್ಲಿ ವಿಶ್ವಸಂಸ್ಥೆಯ ವಿಶ್ವ ಆಹಾರ ಕಾರ್ಯಕ್ರಮದ ಗೋಧಿಯು ಸರಕಾರದ ಮೂಲಕ ವಿಧವೆಯರಿಗೆ, ಗಂಡ ತೊರೆದ ಹೆಂಗಸರಿಗೆ ಸಿಗುತ್ತಿತ್ತು. ಅವಧಿ ಮುಗಿದರೆ ಮತ್ತೆ ಅದೇ ಹಸಿವು. 1972ರಲ್ಲಿ ಫಝ್ಲೆ ಹಸನ್ ಆಬಿದ್ ಕಟ್ಟಿದ ಬ್ರಾಕ್ ಸಂಸ್ಥೆ 1985ರಲ್ಲಿ ಈ ಯೋಜನೆಯೊಂದಿಗೆ ಕೈಜೋಡಿಸಿತು. ಗೋಧಿ ಸಿಗುತ್ತಿರುವಾಗಲೇ ಕೋಳಿ ಸಾಕಣೆಯ ತರಬೇತಿ, ಉಳಿತಾಯ ಹಾಗೂ ಸಣ್ಣ ಸಾಲದ ವ್ಯವಸ್ಥೆಯಾಯಿತು. ಕೆಲವರು ಕೋಳಿಗಳಿಗೆ ಲಸಿಕೆ ಹಾಕಲು ಕಲಿತು ಅದರಿಂದಲೂ ನಾಲ್ಕು ಕಾಸು ಸಂಪಾದಿಸಿದರು.

ಸಾಲವೂ ತಲುಪದವರು

ಆದರೂ ಕಡುಬಡವರು ಹೊರಗೇ ಉಳಿದರು. ತೀರಿಸಲಾಗದೆಂಬ ಭಯದಿಂದ ಅವರು ಸಾಲ ಕೇಳುತ್ತಿರಲಿಲ್ಲ. ಅವರನ್ನು ಗುಂಪಿಗೆ ಸೇರಿಸಿಕೊಳ್ಳಲು ಇತರರೂ ಹಿಂಜರಿಯುತ್ತಿದ್ದರು. ಆದ್ದರಿಂದ 2002ರಲ್ಲಿ ಬ್ರಿಟನ್, ಕೆನಡಾ ಮೊದಲಾದ ದೇಶಗಳ ನೆರವಿನಿಂದ ಹೊಸ ಯೋಜನೆ ಆರಂಭವಾಯಿತು. ಆಯ್ಕೆಯಾದ ಹೆಂಗಸಿಗೆ ಸಾಲವಲ್ಲ, ಹಸು, ಆಡು ಅಥವಾ ಕೋಳಿಗಳನ್ನೇ ಕೊಡಲಾಯಿತು. ಜೊತೆಗೆ ಕೆಲವು ಕಾಲ ಸಣ್ಣ ಭತ್ಯೆ. ಇದು ಬಹಳ ಮುಖ್ಯ. ಹಸು ಕರು ಹಾಕಿ ಹಾಲು ಕೊಡುವ ತನಕ ಮಕ್ಕಳು ಉಪವಾಸವಿದ್ದರೆ ತಾಯಿ ಹಸುವನ್ನು ಮಾರದೆ ಇನ್ನೇನು ಮಾಡಿಯಾಳು? ಕಾರ್ಯಕರ್ತೆಯರು ಎರಡು ವರ್ಷ ಆಗಾಗ ಮನೆಗೇ ಬಂದು ಸಾಕಣೆ, ಲೆಕ್ಕ, ಆರೋಗ್ಯದ ಬಗ್ಗೆ ಹೇಳಿಕೊಟ್ಟರು.

2007ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದ ಪ್ರಕಾರ, ನಾಲ್ಕು ವರ್ಷಗಳ ಬಳಿಕ ಈ ಮಹಿಳೆಯರ ಗಳಿಕೆ ಯೋಜನೆ ಸಿಗದವರಿಗಿಂತ ಶೇ. 21ರಷ್ಟು ಹೆಚ್ಚಿತ್ತು. ಪರರ ಮನೆಗೆಲಸ, ಹೊಲದ ಕೂಲಿಗೆ ಹೋಗುತ್ತಿದ್ದವರು ತಮ್ಮದೇ ಜಾನುವಾರು ಸಾಕಣೆಗೆ ಹೆಚ್ಚು ಸಮಯ ಕೊಡತೊಡಗಿದ್ದರು.

ಎಲ್ಲೆಡೆಯೂ ಗೆಲುವಿಲ್ಲ

ಇದೇ ಮಾದರಿಯನ್ನು ಇಥಿಯೋಪಿಯಾ, ಘಾನಾ, ಹೊಂಡುರಾಸ್, ಪಾಕಿಸ್ತಾನ, ಪೆರು ಹಾಗೂ ನಮ್ಮ ಪಶ್ಚಿಮ ಬಂಗಾಳದಲ್ಲೂ ಪರೀಕ್ಷಿಸಲಾಯಿತು. 2015ರಲ್ಲಿ ಪ್ರಕಟವಾದ ಫಲಿತಾಂಶ ಒಟ್ಟಿನಲ್ಲಿ ಚೆನ್ನಾಗಿಯೇ ಇತ್ತು. ಆದರೆ ಹೊಂಡುರಾಸ್‌ನಲ್ಲಿ ಹೆಚ್ಚಿನವರು ಪಡೆದ ಕೋಳಿಗಳು ರೋಗ ಬಂದು ಸತ್ತವು. ಅಲ್ಲಿ ಲಾಭ ಉಳಿಯಲಿಲ್ಲ. ಊರಿನ ಹವೆ, ಮೇವು, ಮಾರುಕಟ್ಟೆಗೆ ಹೊಂದದ ಕಸುಬನ್ನು ಕೊಟ್ಟರೆ ಒಳ್ಳೆಯ ಉದ್ದೇಶವೂ ವ್ಯರ್ಥ.

ನಮ್ಮ ಊರಿನ ಮಹಿಳಾ ಸಂಘಗಳೂ ಇದರಿಂದ ಕಲಿಯಬಹುದು. ಬಡ ಸಹೋದರಿಗೆ ಹೊಲಿಗೆ ಯಂತ್ರ ಕೊಟ್ಟು ಫೋಟೋ ತೆಗೆಸಿದರೆ ಕೆಲಸ ಮುಗಿಯಲಿಲ್ಲ. ಆಕೆಗೆ ಹೊಲಿಯಲು ಬರುತ್ತದೆಯೇ, ಬಟ್ಟೆ ಕೊಡುವವರು ಇದ್ದಾರೆಯೇ, ಮೊದಲ ಗಳಿಕೆ ಕೈಸೇರುವ ತನಕ ಮನೆಯಲ್ಲಿ ಅಕ್ಕಿ ಇದೆಯೇ ಎಂದು ವಿಚಾರಿಸಬೇಕು. ಆರು ತಿಂಗಳ ನಂತರ ಮತ್ತೊಮ್ಮೆ ಆಕೆಯ ಬಾಗಿಲು ತಟ್ಟಬೇಕು.