ನಾಳೆಯಿಂದ ಡ್ಯೂಟಿ ಇಲ್ಲ

ಸುಗಂಧರಾಜದ ಹಾರ ಕೊರಳಿಗೆ ಬಿದ್ದ ಕೂಡಲೇ ಅವಳು ಅದನ್ನು ಮೂಸಿದಳು. ಎಡಕ್ಕೊಮ್ಮೆ, ಬಲಕ್ಕೊಮ್ಮೆ. ಅನುಮಾನಪಡುವಂಥದ್ದೇನೂ ಇಲ್ಲವೆಂದು ಖಾತ್ರಿಯಾದ ಮೇಲೆ ಒಂದು ಹೂವು ಕಿತ್ತು ಬಾಯಿಗೆ ಹಾಕಿಕೊಂಡಳು. ಶಾಮಿಯಾನದ ಕೆಳಗೆ ಕೂತವರೆಲ್ಲ ನಕ್ಕರು. ಅಟೆನ್ಷನ್‌ನಲ್ಲಿ ನಿಂತಿದ್ದ ಹ್ಯಾಂಡ್ಲರ್ ಮಾತ್ರ ನಗಲಿಲ್ಲ. ಬಗ್ಗಿ, ಅವಳ ದವಡೆಯೊಳಗೆ ಎರಡು ಬೆರಳು ತೂರಿಸಿ, ಜೊಲ್ಲು ಹತ್ತಿದ ಹೂವನ್ನು ಹೊರತೆಗೆದು ಪ್ಯಾಂಟಿನ ಜೇಬಿಗೆ ಸೇರಿಸಿ ಮತ್ತೆ ನೆಟ್ಟಗೆ ನಿಂತರು.

ಜಿಲ್ಲಾ ಸಶಸ್ತ್ರ ಮೀಸಲು ಪೊಲೀಸರ (ಡಿಎಆರ್) ಮೈದಾನ, ಬೆಳಗಿನ ಎಂಟೂವರೆ. ಪರೇಡಿಗೆ ಎಳೆದ ಸುಣ್ಣದ ಗೆರೆ ಇನ್ನೂ ಒಣಗಿಲ್ಲ. ಬ್ಯಾನರಿನಲ್ಲಿ ಅವಳ ಫೋಟೊ ಸಾಹೇಬರ ಫೋಟೊಗಿಂತ ತುಸು ದೊಡ್ಡದಾಗಿಯೇ ಇದೆ. ಬಿಸ್ಕತ್ ಬಣ್ಣದ ಲ್ಯಾಬ್ರಡಾರ್. ಮೂತಿಯ ಸುತ್ತ ನರೆ. ಹಿಂಗಾಲು ಎತ್ತಿಡುವಾಗ ಒಂದು ಸಣ್ಣ ತಡೆ. ಕೂತಲ್ಲಿಂದ ಏಳುವಾಗ ಮೊದಲು ಮುಂಗಾಲು ಊರಿ, ಸ್ವಲ್ಪ ಯೋಚಿಸಿ, ಆಮೇಲೆ ಹಿಂಭಾಗವನ್ನು ಎಳೆದುಕೊಳ್ಳುತ್ತಾಳೆ. ವಯಸ್ಸು ಹತ್ತರ ಹತ್ತಿರ. ಆ ಜಾತಿಗೆ ಅದು ಮುಪ್ಪೇ.

ಅವಳದು ಸ್ಫೋಟಕ ಪತ್ತೆಯ ಕೆಲಸ. ಕಳ್ಳರ, ಕೊಲೆಗಾರರ ಜಾಡು ಹಿಡಿಯುವ ನಾಯಿಗಳು ಎಳೆದಾಡುತ್ತವೆ, ಬೊಗಳುತ್ತವೆ. ಸ್ಫೋಟಕದ ನಾಯಿ ಬೊಗಳುವಂತಿಲ್ಲ, ಪರಚುವಂತಿಲ್ಲ. ವಾಸನೆ ಸಿಕ್ಕಿತೋ, ಅದರ ಮುಂದೆ ಸುಮ್ಮನೆ ಕುಳಿತು ಹ್ಯಾಂಡ್ಲರ್ ಮುಖ ನೋಡಬೇಕು. ಆಗ ಜೇಬಿನಿಂದ ಚೆಂಡು ಬರುತ್ತದೆ. ಆ ಚೆಂಡಿಗಾಗಿಯೇ ಇಷ್ಟು ವರ್ಷದ ಸರ್ವೀಸು. ನಮಗೆ ಭದ್ರತೆ ಅನ್ನಿಸಿದ್ದು ಅವಳಿಗೆ ಆಟ.

ಭಾಷಣಗಳು ನಡೆದವು. ಜಾತ್ರೆ, ಗಣೇಶ ವಿಸರ್ಜನೆ, ಚುನಾವಣಾ ಸಭೆ, ಮಂತ್ರಿಗಳ ವೇದಿಕೆ, ರೈಲ್ವೆ ಸ್ಟೇಷನ್ನು ಎಂದು ಅವಳು ತಪಾಸಣೆ ಮಾಡಿದ ಜಾಗಗಳ ಪಟ್ಟಿ ಓದಿದರು. ನನಗೆ ಕುತೂಹಲ. ಪಕ್ಕಕ್ಕೆ ಬಂದ ಹ್ಯಾಂಡ್ಲರ್‌ರನ್ನು ಕೇಳಿಯೇಬಿಟ್ಟೆ: ಎಷ್ಟು ಬಾಂಬು ಹಿಡಿದಿದ್ದಾಳೆ?

“ಒಂದೂ ಇಲ್ಲ ಸಾರ್,” ಎಂದರು, ಸ್ವಲ್ಪವೂ ಸಂಕೋಚವಿಲ್ಲದೆ. “ನಾವೇ ಬಚ್ಚಿಟ್ಟ ಸ್ಯಾಂಪಲ್ ಬಿಟ್ರೆ. ಏನೂ ಸಿಗದಿದ್ರೆ ಅದಕ್ಕೂ ಬೇಜಾರಾಗುತ್ತೆ, ಮೂಸೋದು ಬಿಟ್ಟುಬಿಡುತ್ತೆ. ಅದಕ್ಕೇ ಆಗಾಗ ನಾವೇ ಇಟ್ಟು ಹುಡುಕಿಸ್ತೀವಿ. ಕ್ರೈಂ ನಾಯಿಗಾದ್ರೆ ಪೇಪರ್‌ನಲ್ಲಿ ಹೆಸರು ಬರುತ್ತೆ, ನಮ್ಮದಕ್ಕೆ ಎಲ್ಲಿ ಬರುತ್ತೆ?”

ಮಾತು ಸುಳ್ಳಲ್ಲ. 2020ರಲ್ಲಿ ದಾವಣಗೆರೆ ಪೊಲೀಸರ ಡಾಬರ್‌ಮನ್ ತುಂಗಾ ಕೊಲೆಯೊಂದರ ಜಾಡು ಹಿಡಿದು 12 ಕಿಲೋಮೀಟರ್ ಓಡಿದಾಗ ನಾಡಿಗೆ ನಾಡೇ ಅವಳ ಹೆಸರು ಹೇಳಿತು. ಸ್ಫೋಟಕದ ನಾಯಿಗಳಲ್ಲಿ ಅಂಥ ಕೀರ್ತಿ ಕಂಡದ್ದು ಮುಂಬೈಯ ಜಂಜೀರ್. 1993ರ ಸರಣಿ ಸ್ಫೋಟಗಳ ಹೊತ್ತಿನಲ್ಲಿ ಅವನ ಮೂಗು ಪತ್ತೆ ಮಾಡಿದ ಆರ್‌ಡಿಎಕ್ಸ್ 3,300 ಕಿಲೋಗೂ ಹೆಚ್ಚು. 2000ದ ನವೆಂಬರಿನಲ್ಲಿ ಮೂಳೆ ಕ್ಯಾನ್ಸರಿನಿಂದ ಸತ್ತಾಗ ಪೊಲೀಸ್ ಗೌರವದೊಂದಿಗೆ ಮಣ್ಣು ಮಾಡಿದರು. ಆದರೆ ಸಾವಿರಾರು ಜನ ಸೇರುವ ತೇರಿನ ಬೀದಿಯನ್ನು ಬೆಳಗಿನ ಜಾವ ಮೂಸಿ ಮುಗಿಸಿ, ಇಲ್ಲೇನೂ ಇಲ್ಲ ಎಂದು ಬಾಲ ಅಲ್ಲಾಡಿಸಿದ ನಾಯಿಗೆ ಯಾವ ಲೆಕ್ಕದಲ್ಲಿ ಪದಕ ಕೊಡುವುದು? ಏನೂ ಆಗದೆ ಮುಗಿದ ಜಾತ್ರೆ ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಅದಕ್ಕೇ ಈ ಹಾರ, ಶಾಲು, ಹೂವಿನಿಂದ ಸಿಂಗರಿಸಿದ ಜೀಪು ನನಗೆ ಅತಿ ಅನ್ನಿಸಲಿಲ್ಲ. ಇದೆಲ್ಲ ಈಚಿನದು. 2019ರ ನವೆಂಬರಿನಲ್ಲಿ ದೆಹಲಿ ಮೆಟ್ರೊ ಕಾಯುತ್ತಿದ್ದ ಏಳು ನಾಯಿಗಳಿಗೆ ಸಿಐಎಸ್‌ಎಫ್ ಪದಕ, ಪ್ರಮಾಣಪತ್ರ ಕೊಟ್ಟು ಬೀಳ್ಕೊಟ್ಟಿತು. ಅದೇ ಒಂದು ಹೊಸ ಸುದ್ದಿಯಾಗಿತ್ತು. ಅದಕ್ಕೂ ಹಿಂದಿನ ಕಥೆ ಕೇಳಬಾರದು. ಸೈನ್ಯದಲ್ಲಿ ಕೆಲಸಕ್ಕೆ ಬಾರದೆ ಹೋದ ನಾಯಿಗಳಿಗೆ ಇಂಜೆಕ್ಷನ್ ಕೊಟ್ಟು ಮುಗಿಸುವ ಪದ್ಧತಿಯೇ ಇತ್ತು. ಅದು ಬಯಲಾಗಿ ಜನ ಬೈದು, ವಿಷಯ ದೆಹಲಿ ಹೈಕೋರ್ಟಿನ ಬಾಗಿಲು ತಟ್ಟಿ, 2015ರ ಹೊತ್ತಿಗೆ ಸರ್ಕಾರ ನೀತಿ ಬದಲಿಸುವ ಮಾತಾಡಿತು.

ಪ್ರಶ್ನೆ ಇರುವುದು ಶಾಮಿಯಾನ ಬಿಚ್ಚಿದ ಮೇಲೆ. ಸೇವೆಯಲ್ಲಿ ಇರುವಷ್ಟು ದಿನ ನಾಯಿಗೆ ಪಡಿ ಉಂಟು, ಸರ್ಕಾರಿ ಪಶುವೈದ್ಯರು ಉಂಟು, ತೂಕ ಬರೆದಿಡುವ ರಿಜಿಸ್ಟರ್ ಉಂಟು. ನಿವೃತ್ತಿಯಾದ ಮೇಲೇ ಸೊಂಟದ ಕೀಲು ಸವೆಯುವುದು, ಕಣ್ಣಿಗೆ ಪೊರೆ ಬರುವುದು, ಮೂತ್ರಪಿಂಡ ಕೈಕೊಡುವುದು. ಖರ್ಚು ಏರುವ ಹೊತ್ತಿಗೇ ಪಡಿ ನಿಂತರೆ ಹೇಗೆ? ಕೇರಳದವರು ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ತ್ರಿಶ್ಶೂರಿನ ರಾಮವರ್ಮಪುರಂನಲ್ಲಿರುವ ಪೊಲೀಸ್ ಅಕಾಡೆಮಿಯಲ್ಲಿ 2019ರಲ್ಲಿ ‘ವಿಶ್ರಾಂತಿ’ ಎಂಬ ನೆಲೆ ತೆರೆದರು. ನಿವೃತ್ತ ನಾಯಿಗಳಿಗೆ ಅಲ್ಲೇ ಊಟ, ಅಲ್ಲೇ ವೈದ್ಯರು. ಮುಂಬೈಯಲ್ಲಿ 26/11ರ ದಾಳಿಯ ವೇಳೆ ದುಡಿದ ಮ್ಯಾಕ್ಸ್, ಸುಲ್ತಾನ್, ಟೈಗರ್, ಸೀಸರ್‌ಗಳಿಗೆ ಇಳಿಗಾಲದಲ್ಲಿ ಆಸರೆಯಾದದ್ದು ವಿರಾರ್‌ನ ಒಂದು ಖಾಸಗಿ ತೋಟ. ನಾಲ್ಕೂ 2016ರ ಒಂದೇ ವರ್ಷದೊಳಗೆ ಒಂದರ ಹಿಂದೊಂದು ಹೋದವು. ಕೊನೆಗೆ ಉಳಿದದ್ದು ಸೀಸರ್; ಟೈಗರ್ ಹೋದ ಮೇಲೆ ಅವನು ಮಂಕಾಗಿಬಿಟ್ಟನಂತೆ. ಜೊತೆ ಬೆಳೆದ ನಾಯಿಗಳನ್ನು ಜೊತೆಯಲ್ಲೇ ಇಡಬೇಕು ಎನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಆದರೂ, ಎಷ್ಟು ಒಳ್ಳೆಯ ನೆಲೆಯಾದರೂ ಅಲ್ಲಿ ಹ್ಯಾಂಡ್ಲರ್ ಇರುವುದಿಲ್ಲ. ಈ ಮಾತು ನನಗೆ ಹೊಳೆದದ್ದು ಅವತ್ತು ಮಧ್ಯಾಹ್ನ, ಕೆನಲ್ ಹತ್ತಿರ. ಸಮಾರಂಭ ಮುಗಿದಿತ್ತು. ಅವಳ ಗೂಡಿನ ಪಕ್ಕದ ಗೂಡಿನಲ್ಲಿ ಒಂದು ಮರಿ, ಕಿವಿ ದೊಡ್ಡದು, ಕಾಲು ಅದಕ್ಕಿಂತ ದೊಡ್ಡದು, ಬೆಳಗಿನಿಂದ ಕಂಬಿ ಕಡಿಯುತ್ತಿತ್ತು. ಟ್ರೈನಿಂಗಿಗೆ ಹೋಗಬೇಕಾದ ಮರಿ. ಅದಕ್ಕೂ ಇವರೇ ಹ್ಯಾಂಡ್ಲರ್. ಮರಿಗೆ ಹಾಲು ಕುಡಿಸಿ ಈಚೆ ಬಂದವರ ಕೈಯನ್ನು ಅವಳು ಮೂಸಿದಳು. ಅಂಗೈ ಮೂಸಿ, ಮಣಿಕಟ್ಟು ಮೂಸಿ, ಮಡಿಚಿದ ತೋಳಿನ ತನಕ ಮೂಸಿ ಹಿಂದೆ ಸರಿದು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಹ್ಯಾಂಡ್ಲರ್ ನಲ್ಲಿಯ ಕೆಳಗೆ ಕೈ ಒಡ್ಡಿ, ಸೋಪು ಹಚ್ಚಿ ಮೊಣಕೈವರೆಗೆ ತಿಕ್ಕಿದರು. “ಉಪಯೋಗ ಇಲ್ಲ ಸಾರ್,” ಎಂದರು. “ಸೋಪಿಗೆಲ್ಲ ಮೋಸ ಹೋಗೋ ಮೂಗಲ್ಲ ಅದು.”

ಅವಳನ್ನು ಅವರೇ ಮನೆಗೆ ಕರೆದೊಯ್ಯುವುದೆಂದು ಆಗಲೇ ತೀರ್ಮಾನವಾಗಿತ್ತು. ಅರ್ಜಿ, ಒಪ್ಪಿಗೆ, ಮುಚ್ಚಳಿಕೆ ಎಲ್ಲ ಆಗಿದೆ. ಹೆಡ್ ಕಾನ್‌ಸ್ಟೆಬಲ್ ಸಂಬಳ, ಎರಡು ಕೋಣೆಯ ಕ್ವಾರ್ಟರ್ಸು, ಕಾಲೇಜಿಗೆ ಹೋಗುವ ಇಬ್ಬರು ಮಕ್ಕಳು. ಕೀಲುನೋವಿನ ಮಾತ್ರೆಗೆ ತಿಂಗಳಿಗೆ ಎಷ್ಟಾಗುತ್ತದೆಂದು ಕೇಳಿದೆ. “ಅದನ್ನ ಮನೆಯವಳಿಗೆ ಹೇಳಿಲ್ಲ,” ಎಂದು ಮಾತು ತೇಲಿಸಿದರು. ಒಂದು ರಾಜ್ಯದ ಶ್ವಾನದಳದಲ್ಲಿ ವರ್ಷಕ್ಕೆ ನಿವೃತ್ತಿಯಾಗುವ ನಾಯಿಗಳು ಎಷ್ಟಿದ್ದಾವು? ಪಡಿಯನ್ನೂ ವೈದ್ಯರನ್ನೂ ಸಾಯುವ ತನಕ ಮುಂದುವರಿಸಿದರೆ ಯಾವ ಖಜಾನೆಯೂ ಬರಿದಾಗುವುದಿಲ್ಲ. ಬ್ಯಾಂಡಿಗೆ, ಬ್ಯಾನರಿಗೆ ಬೇಕಿದ್ದರೆ ಕತ್ತರಿ ಹಾಕಲಿ.

ದೀಪಾವಳಿ ಕಳೆದ ಮೇಲೆ ಅವರಿಗೆ ಫೋನು ಮಾಡಿದ್ದೆ. ಹೇಗಿದ್ದಾಳೆ ಎಂದು ಕೇಳಿದರೆ ನಗು ತಡೆಯಲಾರದೆ ಹೇಳಿದರು. ನರಕ ಚತುರ್ದಶಿಯ ಹಿಂದಿನ ಸಂಜೆ ವಾಕಿಂಗಿಗೆ ಕರೆದೊಯ್ದಿದ್ದರಂತೆ. ಕ್ವಾರ್ಟರ್ಸಿನ ಮೊದಲ ಮನೆಯ ಬಾಗಿಲಲ್ಲಿ ಅವಳು ಪಟ್ಟಾಗಿ ಕೂತುಬಿಟ್ಟಳು. ಒಳಗೆ ಮಕ್ಕಳು ತಂದಿಟ್ಟ ಪಟಾಕಿ ಡಬ್ಬ. ಎಬ್ಬಿಸಿಕೊಂಡು ಹೋದರೆ ಎರಡನೆಯ ಮನೆಯಲ್ಲೂ ಅದೇ. ಮೂರನೆಯದು ಇನ್‌ಸ್ಪೆಕ್ಟರ್ ಮನೆ. ಅಲ್ಲಂತೂ ಎದ್ದೇಳಲೇ ಒಪ್ಪಲಿಲ್ಲ, ಸರಕು ಅಷ್ಟಿತ್ತು. ಇನ್‌ಸ್ಪೆಕ್ಟರ್ ಹೆಂಡತಿ ಹೊರಗೆ ಬಂದು, “ಇದೇನ್ರೀ, ನಮ್ಮನೇನೇ ರೇಡ್ ಮಾಡ್ತಿದ್ದೀರಾ?” ಎಂದರಂತೆ. ಜೇಬಿನಲ್ಲಿ ಚೆಂಡಿರಲಿಲ್ಲ. ಮಗನನ್ನು ಮನೆಗೆ ಓಡಿಸಿ ತರಿಸಿ, ಒಂದೊಂದು ಬಾಗಿಲಿಗೂ ವಾಪಸು ಹೋಗಿ, ಅವಳಿಗೆ ಸಲ್ಲಬೇಕಾದ ಚೆಂಡನ್ನು ಮೂರು ಸಲ ಎಸೆದು ಬಂದರಂತೆ.